ಚಿಕ್ಕದಾದರೂ ಪೂರ್ತಿ ಇರಲಿ

ಜೂನ್ ತಿಂಗಳು ಬಂತೆಂದರೆ ನಮ್ಮ ಸಿರಸಂಗಿಯ ಸುತ್ತಮುತ್ತ ಎರಡು ಬಿತ್ತನೆಗಳು ಒಟ್ಟಿಗೇ ನಡೆಯುತ್ತವೆ. ಒಂದು ಹೊಲದಲ್ಲಿ. ಮಿರಗದ ಮಳೆ ಹದವಾಗಿ ಬಿದ್ದರೆ ರೈತರು ಹೆಸರು ಬಿತ್ತಲು ಕೂರಿಗೆ ಹೂಡುತ್ತಾರೆ. ಇನ್ನೊಂದು ಬಿತ್ತನೆ ಮನೆಯ ಗೋಡೆಯ ಮೇಲೆ. ಹತ್ತನೆಯ ಇಯತ್ತೆಗೆ ಕಾಲಿಟ್ಟ ಮಕ್ಕಳು ಡ್ರಾಯಿಂಗ್ ಹಾಳೆಗೆ ಗೆರೆ ಹೊಡೆದು, ಕೆಂಪು ಹಸಿರು ಸ್ಕೆಚ್ ಪೆನ್ನಿನಿಂದ ವೇಳಾಪತ್ರಿಕೆ ಬರೆದು, ದೇವರ ಪಟದ ಪಕ್ಕದಲ್ಲಿ ಅಂಟಿಸುತ್ತಾರೆ. ಬೆಳಗಿನ ನಾಲ್ಕೂವರೆಗೆ ಏಳುವುದು, ಐದರಿಂದ ಆರು ಗಣಿತ, ಆರರಿಂದ ಏಳು ವಿಜ್ಞಾನ, ಹೀಗೆ ರಾತ್ರಿ ಹನ್ನೊಂದರವರೆಗೆ. ಹೊಲದಲ್ಲಿ ಬಿತ್ತಿದ್ದು ಮಳೆ ಕೈಕೊಡದಿದ್ದರೆ ನಾಟುತ್ತದೆ. ಗೋಡೆಯ ಮೇಲೆ ಬಿತ್ತಿದ್ದು ಮಾತ್ರ ಕಾರಹುಣ್ಣಿಮೆಗೆ ಬಾಡಿ, ನಾಗರಪಂಚಮಿಯ ಹೊತ್ತಿಗೆ ಒಣಗಿಯೇ ಹೋಗಿರುತ್ತದೆ.

ವಿಜ್ಞಾನ ಕಲಿಸುತ್ತ ನನ್ನ ಅರ್ಧಕ್ಕಿಂತ ಹೆಚ್ಚು ಆಯುಷ್ಯ ಕಳೆದಿದೆ. ಈ ಗೋಡೆಯ ಬಿತ್ತನೆಯನ್ನು ಪ್ರತಿ ವರ್ಷ ನೋಡುತ್ತ ಬಂದಿದ್ದೇನೆ. ಮಕ್ಕಳ ಉತ್ಸಾಹದಲ್ಲಿ ಕೊರತೆ ಇರುವುದಿಲ್ಲ. ಪಾಲಕರ ಆಸೆಯಲ್ಲೂ ಇರುವುದಿಲ್ಲ. ಹಾಗಾದರೆ ಒಣಗುವುದೇಕೆ? ಅದಕ್ಕೂ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಇಲ್ಲಿ ಎತ್ತಬೇಕಾಗಿದೆ. ಸಮಯವನ್ನೂ ಕೆಲಸವನ್ನೂ ಹೊಂದಿಸಿಕೊಳ್ಳುವ ಪದ್ಧತಿಯನ್ನು ಹೊಸಬರಿಗಾಗಿ ಸರಳ ಮಾಡಿಕೊಡಬೇಕೆ? ಅಥವಾ ಇದ್ದದ್ದನ್ನು ಇದ್ದ ಹಾಗೆಯೇ ಕೈಗಿಟ್ಟು, ‘ಮಾಡಿದರೆ ಪೂರ್ತಿ ಮಾಡು’ ಎನ್ನಬೇಕೆ?

ಇದು ಬರೀ ಚರ್ಚೆಗೆಂದು ಎತ್ತಿದ ಪ್ರಶ್ನೆಯಲ್ಲ. ಇದರ ಮೇಲೆ ಒಬ್ಬ ಹುಡುಗನ ಶಾಲೆಯೇ ನಿಂತಿದ್ದನ್ನು ನಾನು ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೆಯ ಇಯತ್ತೆಯ ಹುಡುಗ. ಮನೆಯಲ್ಲಿ ನಾಲ್ಕು ಎಕರೆ ಹೊಲ, ಒಂದು ಬೋರ್‌ವೆಲ್, ಎರಡು ಎಮ್ಮೆ. ತಂದೆಗೆ ಬೆನ್ನುನೋವು, ಆದ್ದರಿಂದ ಹೊಲಕ್ಕೆ ನೀರು ಹಾಯಿಸುವ ಕೆಲಸ ಇವನದೇ. ಧಾರವಾಡದಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದ ದೊಡ್ಡಪ್ಪನ ಮಗ ರಜೆಗೆ ಬಂದವನು ತನ್ನ ಓದಿನ ಪದ್ಧತಿಯನ್ನು ಇವನಿಗೆ ಬರೆದುಕೊಟ್ಟಿದ್ದ. ಆರು ವಿಷಯಕ್ಕೆ ಆರು ಬಣ್ಣ, ದಿನಕ್ಕೆ ಏಳು ತಾಸು ಓದು, ಪ್ರತಿ ಪಾಠಕ್ಕೆ ಮೂರು ಸುತ್ತಿನ ಪುನರಾವರ್ತನೆ, ತಪ್ಪುಗಳಿಗೊಂದು ಬೇರೆ ವಹಿ, ಸೂತ್ರಗಳಿಗೊಂದು ವಹಿ. ನೋಡಿದರೆ ಯಾರೂ ಹೆಸರಿಡದಂಥ ಪದ್ಧತಿ. ಹುಡುಗ ನಿಷ್ಠೆಯಿಂದ ಹಿಡಿದ. ಮೂರು ದಿನ ನಡೆಯಿತು. ನಾಲ್ಕನೆಯ ದಿನ ತಪ್ಪಿತು. ಐದನೆಯ ದಿನ ನಾಲ್ಕನೆಯ ದಿನದ ಬಾಕಿಯೂ ಸೇರಿತು. ಹತ್ತನೆಯ ದಿನಕ್ಕೆ ಬಾಕಿ ಎಷ್ಟಾಯಿತೆಂದರೆ, ಹಾಳೆಯನ್ನು ನೋಡಲು ಅಂಜಿ ಆ ಗೋಡೆಯ ಕಡೆ ಬೆನ್ನು ಮಾಡಿ ಕೂಡ್ರತೊಡಗಿದ. ಒಂದು ದಿನ ಶಾಲೆ ಬಿಟ್ಟ ಮೇಲೆ ಬಂದು ನನ್ನೆದುರು ನಿಂತ.

“ಸರ್, ನನ್ನ ತಲಿಗೆ ಓದು ಹತ್ತೂದಿಲ್ರಿ. ನಾ ಮಾಮಾನ ಜೋಡಿ ಗೋವಾಕ್ಕ ಹೋಗತೇನ್ರಿ.”

ಗೋವಾಕ್ಕೆ ಹೋಗುವುದೆಂದರೆ ಏನೆಂದು ನಮ್ಮ ಭಾಗದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಕಟ್ಟಡದ ಕೆಲಸ, ಸಿಮೆಂಟಿನ ಬುಟ್ಟಿ. ದುಡಿಮೆಯಲ್ಲಿ ಕೀಳೆಂಬುದು ಇಲ್ಲ. ಆದರೆ ಹದಿನೈದರ ಹುಡುಗನೊಬ್ಬ ತನ್ನ ತಲೆಯ ಬಗ್ಗೆ ತಾನೇ ತೀರ್ಪು ಕೊಟ್ಟುಕೊಂಡು, ಶಾಲೆಯನ್ನು ಬಿಟ್ಟು ಅಲ್ಲಿಗೆ ಹೋಗುವುದು ಬೇರೆ ಮಾತು. ಸೋತದ್ದು ಅವನ ತಲೆಯೋ, ಅವನ ಗೋಡೆಯ ಮೇಲಿದ್ದ ಹಾಳೆಯೋ ಎಂದು ಯಾರೂ ವಿಚಾರಣೆ ಮಾಡಿರಲಿಲ್ಲ.

ಈ ವಿಷಯ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಚಹಾದ ಹೊತ್ತಿಗೆ ಬಂತು. ಗಣಿತದ ಸಹೋದ್ಯೋಗಿ ಕಟ್ಟುನಿಟ್ಟಿನ ಮನುಷ್ಯ. ಅವರೆಂದರು: “ಸರಳ ಮಾಡಿ ಕೊಟ್ಟಷ್ಟೂ ಹುಡುಗರು ಸರಳದಾಗ ಉಳೀತಾರ ಸರ್. ಇವತ್ತ ಅರ್ಧಾ ತಾಸು ಅಂದ್ರ ಮಾರ್ಚ್‌ನ್ಯಾಗೂ ಅರ್ಧಾ ತಾಸs. ಪರೀಕ್ಷಾ ಏನ ಸರಳ ಆಗತೈತೇನು?” ಈ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಮಾರ್ಗದರ್ಶಿ ಪುಸ್ತಕದ ‘ಸರಳ ಉತ್ತರ’ಗಳನ್ನು ಬಾಯಿಪಾಠ ಮಾಡಿ, ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಬೆಪ್ಪಾಗುವ ಮಕ್ಕಳನ್ನು ನಾವಿಬ್ಬರೂ ದಿನಾ ನೋಡುತ್ತೇವೆ. ಸರಳತೆಯ ಹೆಸರಿನಲ್ಲಿ ಸತ್ವವನ್ನೇ ಸೋಸಿ ಚೆಲ್ಲುವ ವ್ಯಾಪಾರವೂ ನಡೆದಿದೆ. ಹಾಗಿದ್ದರೆ ಸರಳ ಮಾಡುವುದೆಂದರೆ ಏನು ಎಂಬುದೇ ಮೊದಲು ಇತ್ಯರ್ಥವಾಗಬೇಕಾದ ಸಂಗತಿ.

ಇದಕ್ಕೆ ನನಗೆ ನೆರವಾದದ್ದು ನನ್ನ ಪಾಠದ ಮೇಜಿನ ಮೇಲಿನ ಸಾಮಾನು. ವಿದ್ಯುನ್ಮಂಡಲದ ಪಾಠಕ್ಕೆ ನಾನು ಮೊದಲ ದಿನ ತೆಗೆದುಕೊಂಡು ಹೋಗುವುದು ಒಂದೂವರೆ ವೋಲ್ಟಿನ ಒಂದು ಸೆಲ್, ಟಾರ್ಚಿನ ಒಂದು ಬಲ್ಬು, ಎರಡು ತುಂಡು ತಂತಿ. ಮನೆಯ ವೈರಿಂಗಿಗೆ ಹೋಲಿಸಿದರೆ ಇದು ಆಟಿಕೆ. ಫ್ಯೂಸ್ ಇಲ್ಲ, ಮೀಟರ್ ಇಲ್ಲ, ಅರ್ಥಿಂಗ್ ಇಲ್ಲ. ಆದರೂ ಬಲ್ಬು ಹೊತ್ತುತ್ತದೆ. ಇನ್ನೂ ಸರಳವಾಗಲಿ ಎಂದು ಎರಡರಲ್ಲಿ ಒಂದು ತಂತಿಯನ್ನು ತೆಗೆದುಬಿಡಿ, ಕತ್ತಲೆ! ಅರ್ಧ ಬೆಳಕು ಕೂಡ ಬರುವುದಿಲ್ಲ. ಮಂಡಲವನ್ನು ಎಷ್ಟು ಬೇಕಾದರೂ ಚಿಕ್ಕದು ಮಾಡಬಹುದು, ಮುರಿಯುವಂತಿಲ್ಲ. ಸೆಲ್ಲಿನಿಂದ ಹೊರಟ ವಿದ್ಯುತ್ತು ತಿರುಗಿ ಸೆಲ್ಲಿಗೆ ಬರಲೇಬೇಕು. ಗಾತ್ರ ಇಳಿಸುವುದು ಒಂದು, ಭಾಗ ಕೀಳುವುದು ಇನ್ನೊಂದು. ಎರಡನ್ನೂ ನಾವು ‘ಸರಳ’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಗೊಂದಲವಾಗಿದೆ.

ಇನ್ನೊಂದು ಎಚ್ಚರಿಕೆಯೂ ವಿಜ್ಞಾನದ ಪಾಠದಿಂದಲೇ ಬಂತು. ಬೇಸಿಗೆಯಲ್ಲಿ ಸೆಕೆ ಏಕೆ ಎಂದರೆ ಎಷ್ಟೋ ಮಕ್ಕಳು, ಸೂರ್ಯ ಆಗ ಹತ್ತಿರ ಬರುತ್ತಾನೆ ಎನ್ನುತ್ತಾರೆ. ಯಾರೋ ಹಿರಿಯರು ಸುಲಭವಾಗಲೆಂದು ಹೇಳಿಕೊಟ್ಟ ಉತ್ತರ. ನಿಜ ಸಂಗತಿ ತಿರುಗುಮುರುಗಾಗಿದೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ನಮ್ಮ ಚಳಿಗಾಲದ ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಇರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರ್. ಋತುಗಳಿಗೆ ಕಾರಣ ಭೂಮಿಯ ಅಕ್ಷ ಇಪ್ಪತ್ಮೂರೂವರೆ ಡಿಗ್ರಿ ವಾಲಿರುವುದು. ಸೂರ್ಯ ಹತ್ತಿರ ಬರುತ್ತಾನೆಂದು ಕಲಿತ ಮಗು ಮುಂದೆ ಅದನ್ನು ಮರೆತು ಹೊಸದಾಗಿ ಕಲಿಯಬೇಕು. ಮರೆಯುವುದು ಕಲಿಯುವುದಕ್ಕಿಂತ ಕಷ್ಟ. ಆದರೆ ಭೂಮಿಯ ಕಕ್ಷೆ ವೃತ್ತಾಕಾರ ಎಂದು ಮೊದಲು ಹೇಳಿ, ಅದು ಸ್ವಲ್ಪ ಚಪ್ಪಟೆಯಾದ ದೀರ್ಘವೃತ್ತ ಎಂದು ಮುಂದೆ ತಿದ್ದಿದರೆ ಏನೂ ಕೆಡುವುದಿಲ್ಲ. ಹಳೆಯದರ ಮೇಲೆಯೇ ಹೊಸದು ಕೂಡುತ್ತದೆ. ಹೊಸಬರಿಗೆ ಕೊಡುವ ಸರಳ ಪಾಠ ಈ ಎರಡನೆಯ ಜಾತಿಯದಾಗಿರಬೇಕು. ಮುಂದೆ ಬೆಳೆಸಬಹುದಾದದ್ದು ಬೇಕು, ಮುಂದೆ ಕಿತ್ತೆಸೆಯಬೇಕಾದದ್ದು ಬೇಡ.

ಇದನ್ನೆಲ್ಲ ಯೋಚಿಸುವಾಗ ನನಗೆ ನನ್ನ ತಂದೆಯ ಪದ್ಧತಿ ನೆನಪಾಗುತ್ತದೆ. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಆದರೆ ವರ್ಷದ ಕೆಲಸವೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಅದು ಮಳೆಯ ಲೆಕ್ಕ. ಇಪ್ಪತ್ತೇಳು ನಕ್ಷತ್ರ, ವರ್ಷದ ಮುನ್ನೂರ ಅರವತ್ತೈದು ದಿನಗಳನ್ನು ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಜೂನ್ 8ರ ಸುಮಾರಿಗೆ ಮಿರಗ ಕೂಡುತ್ತದೆ. ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ. ಯಾವ ಮಳೆಗೆ ಏನು ಬಿತ್ತಬೇಕು, ಯಾವಾಗ ಎಡೆ ಹೊಡೆಯಬೇಕು, ಹಿಂಗಾರಿ ಜೋಳಕ್ಕೆ ಹೊಲ ಯಾವಾಗ ಹದ ಮಾಡಬೇಕು, ಎಲ್ಲವೂ ಅದರಲ್ಲಿ ಅಡಕ. ಇಂದಿನವರ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಪೂರ್ಣ ಪ್ರಮಾಣದ ಕಾರ್ಯಯೋಜನೆ.

ನಾನು ಚಿಕ್ಕವನಿದ್ದಾಗ ಇಪ್ಪತ್ತೇಳನ್ನೂ ಕಲಿಸು ಎಂದು ಅಪ್ಪನಿಗೆ ಗಂಟುಬಿದ್ದಿದ್ದೆ. ಅಪ್ಪ ನಕ್ಕು, “ಮೊದಲ ಎರಡ ಮಳಿ ನೆನಪಿಡು. ಮಿರಗಾ ಒಂದು, ಉತ್ರಿ ಒಂದು. ಉಳದದ್ದು ಹೊಲಾನ ಹೇಳತೈತಿ” ಎಂದಿದ್ದ. ಮುಂಗಾರಿಗೊಂದು, ಹಿಂಗಾರಿಗೊಂದು. ಗಮನಿಸಿ, ಅವನು ಕೊಟ್ಟದ್ದು ಎರಡೇ. ಆದರೆ ಆ ಎರಡರಲ್ಲಿ ಇಡೀ ವರ್ಷ ಹಿಡಿದಿತ್ತು. ಇಪ್ಪತ್ತೇಳರಲ್ಲಿ ಮೊದಲ ಏಳನ್ನು ಕಲಿಸಿ ಉಳಿದದ್ದು ಮುಂದಿನ ವರ್ಷ ಎನ್ನಲಿಲ್ಲ. ಹಾಗೆ ಮಾಡಿದ್ದರೆ ನನಗೆ ಮುಂಗಾರು ಗೊತ್ತಾಗುತ್ತಿತ್ತು, ಹಿಂಗಾರು ಎಂಬುದೊಂದಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ.

ಗಳೇವು ಕಲಿಸುವುದರಲ್ಲೂ ಇದೇ ರೀತಿ. ಹೊಸ ಹುಡುಗನ ಕೈಗೆ ಮೊದಲ ದಿನವೇ ಕೂರಿಗೆ ಕೊಡುತ್ತಿರಲಿಲ್ಲ. ಕೂರಿಗೆಯ ಸಾಲು ಡೊಂಕಾದರೆ ಆ ಡೊಂಕು ಸುಗ್ಗಿಯವರೆಗೂ ಊರಿಗೆಲ್ಲ ಕಾಣುತ್ತದೆ. ಮೊದಲು ಕುಂಟೆ. ಬೆಳೆ ಇಲ್ಲದ ಬಯಲು ಹೊಲ, ಎತ್ತು ಅತ್ತಿತ್ತ ಎಳೆದರೂ ನಷ್ಟವಿಲ್ಲ. ಆದರೆ ಕುಂಟೆ ಹೊಡೆಯುವವನೂ ನೊಗ ಕಟ್ಟಬೇಕು, ಎತ್ತಿನ ಮಾತು ತಿಳಿಯಬೇಕು, ಹೊಲದ ತುದಿಯಲ್ಲಿ ತಿರುಗಿಸಬೇಕು, ಸಂಜೆಗೆ ಬಿಚ್ಚಿ ನೀರು ಕುಡಿಸಬೇಕು. ದುಡಿಮೆಯ ಸುತ್ತು ಪೂರ್ತಿಯೇ ಇತ್ತು. ಅಮಾವಾಸ್ಯೆಯ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ. ಅಂದು ಅಪ್ಪ ಬರಿಗೈಯಲ್ಲಿ ಹೊಲದ ಬದುವಿನ ಮೇಲೆ ಒಂದು ಸುತ್ತು ಹಾಕುತ್ತಿದ್ದ. ಎಲ್ಲಿ ಕಳೆ ಎದ್ದಿದೆ, ಎಲ್ಲಿ ಒಡ್ಡು ಕುಸಿದಿದೆ, ಯಾವ ಸಾಲು ನಾಟಿಲ್ಲ ಎಂದು ನೋಡುತ್ತ, ತನ್ನಷ್ಟಕ್ಕೆ ಗುಣುಗುಣು ಮಾತಾಡುತ್ತ. ನಾನೂ ಹಿಂದೆ ಹಿಂದೆ. ಕೆಲಸ ನಿಲ್ಲಿಸಿ ಕೆಲಸವನ್ನು ನೋಡುವ ದಿನ ಅದು. ಮುಂದಿನ ಹದಿನೈದು ದಿನದ ಕೆಲಸ ಹುಟ್ಟುತ್ತಿದ್ದುದು ಆ ತಿರುಗಾಟದಲ್ಲಿ.

ನಮ್ಮ ನಾಡಿನಲ್ಲಿ ಇನ್ನೂ ದೊಡ್ಡ ಉದಾಹರಣೆ ಇದೆ. ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಇಂದಿಗೂ ಆರಂಭಿಸುವುದು ಸರಳೆ ವರಸೆಗಳಿಂದ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಸಂಗೀತ ಪರಂಪರೆ ಹೇಳುತ್ತ ಬಂದಿದೆ. ಮಾಯಾಮಾಳವಗೌಳ ರಾಗ, ಎಂಟು ಎಣಿಕೆಯ ಆದಿತಾಳ. ಮೊದಲ ಪಾಠದಲ್ಲಿಯೇ ಏಳೂ ಸ್ವರ ಬರುತ್ತವೆ, ಆರೋಹಣ ಅವರೋಹಣ ಎರಡೂ ಬರುತ್ತವೆ, ತಾಳ ಬರುತ್ತದೆ, ಅದನ್ನೇ ಮೂರು ಕಾಲದಲ್ಲಿ ಹಾಡಬೇಕು. ಮಗುವಿಗೆ ಕಷ್ಟವಾದೀತೆಂದು ತಾಳವನ್ನು ಬಿಟ್ಟುಕೊಟ್ಟಿಲ್ಲ. ಮೇಲೆ ಹತ್ತಿಸಿ ಇಳಿಯುವುದನ್ನು ನಾಳೆಗೆ ಉಳಿಸಿಲ್ಲ. ಬಿಟ್ಟದ್ದು ಗಮಕದ ಸೂಕ್ಷ್ಮ, ಸಾಹಿತ್ಯ, ಮನೋಧರ್ಮ. ಬೇರು ಬುಡ ಇಟ್ಟುಕೊಂಡು ಟೊಂಗೆಗಳನ್ನು ಮುಂದಕ್ಕೆ ಹಾಕಿದ ಸರಳತೆ ಅದು. ಶತಮಾನಗಳಿಂದ ಬಾಳಿಕೆ ಬಂದಿದೆ.

ಶಾಲೆಯ ಕಡೆ ಬಂದರೆ, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹರಡಿದ ‘ನಲಿ-ಕಲಿ’ಯನ್ನು ನೋಡಿ. ಪಾಠಗಳನ್ನು ಚಿಕ್ಕ ಚಿಕ್ಕ ಮೆಟ್ಟಿಲು ಮಾಡಿ ಏಣಿಯ ರೂಪದಲ್ಲಿ ಗೋಡೆಗೆ ಹಾಕಿರುತ್ತಾರೆ. ಪ್ರತಿ ಮೈಲಿಗಲ್ಲಿನಲ್ಲೂ ಕಲಿಯುವುದು, ಅಭ್ಯಾಸ ಮಾಡುವುದು, ಬಂತೋ ಇಲ್ಲವೋ ಎಂದು ಪರೀಕ್ಷಿಸುವುದು ಇರುತ್ತದೆ. ಹೆಜ್ಜೆ ಚಿಕ್ಕದು, ಸುತ್ತು ಪೂರ್ತಿ. ಮಗು ತಾನು ಯಾವ ಮೆಟ್ಟಿಲಿನ ಮೇಲಿದ್ದೇನೆಂದು ತಾನೇ ತೋರಿಸಬಲ್ಲದು.

ಹೊರಗಿನ ಪ್ರಪಂಚದಲ್ಲೂ ಇದೇ ಪ್ರಶ್ನೆ ಬಂದುಹೋಗಿದೆ. ಸಿಡಿಲೆಂದರೆ ವಿದ್ಯುತ್ತು ಎಂದು ತೋರಿಸಿದ ಬೆಂಜಮಿನ್ ಫ್ರಾಂಕ್ಲಿನ್ ತನ್ನನ್ನು ತಾನು ತಿದ್ದಿಕೊಳ್ಳಲು ಹದಿಮೂರು ಸದ್ಗುಣಗಳ ಪಟ್ಟಿ ಮಾಡಿಕೊಂಡಿದ್ದ. ಎಲ್ಲವನ್ನೂ ಒಮ್ಮೆಗೇ ಸಾಧಿಸಹೋದರೆ ಆಗದೆಂದು, ವಾರಕ್ಕೆ ಒಂದರ ಮೇಲೆ ಮಾತ್ರ ಗಮನವಿಟ್ಟ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಆದರೆ ಅವನ ಚಿಕ್ಕ ಪುಸ್ತಕದ ಪುಟದಲ್ಲಿ ಹದಿಮೂರೂ ಸಾಲುಗಳು ಇರುತ್ತಿದ್ದವು. ಪ್ರತಿ ಸಂಜೆ ಅಂದಿನ ತಪ್ಪುಗಳಿಗೆ ಚುಕ್ಕೆ ಇಡುತ್ತಿದ್ದ. ಗಮನ ಒಂದರ ಮೇಲೆ, ನೋಟ ಎಲ್ಲದರ ಮೇಲೆ. ಅಂಥವನಿಗೂ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ವಸ್ತುಗಳನ್ನೂ ಕೆಲಸಗಳನ್ನೂ ಕ್ರಮದಲ್ಲಿಡುವ ಗುಣವೇ ಎಂದು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ನಮ್ಮ ಮಕ್ಕಳ ಗೋಡೆಯ ಹಾಳೆ ಒಣಗಿದರೆ ಅವರನ್ನು ಬೈಯುವ ಮೊದಲು ಇದನ್ನು ನೆನೆಯಬಹುದು.

ನಮ್ಮ ಕಾಲದಲ್ಲಿ, 2001ರಲ್ಲಿ, ಅಮೆರಿಕದ ಡೇವಿಡ್ ಅಲೆನ್ ‘ಗೆಟ್ಟಿಂಗ್ ಥಿಂಗ್ಸ್ ಡನ್’ ಎಂಬ ಪುಸ್ತಕ ಬರೆದರು. ತಲೆಯಲ್ಲಿರುವುದನ್ನೆಲ್ಲ ಕಾಗದಕ್ಕೆ ಇಳಿಸುವುದು, ಅದು ಏನೆಂದು ನಿರ್ಧರಿಸುವುದು, ತಕ್ಕ ಜಾಗದಲ್ಲಿ ಇಡುವುದು, ತಿರುಗಿ ನೋಡುವುದು, ಮಾಡುವುದು ಎಂದು ಐದು ಹಂತ. ತಿಂಗಳಿಗೊಂದರಂತೆ ಹನ್ನೆರಡು, ದಿನಕ್ಕೊಂದರಂತೆ ಮೂವತ್ತೊಂದು, ಒಟ್ಟು ನಲವತ್ಮೂರು ಫೈಲು ಇಡುವ ಏರ್ಪಾಡೂ ಅದರಲ್ಲಿದೆ. ಇದು ಹೊಸಬರಿಗೆ ಭಾರ, ಇಳಿಸಿಕೊಡಿ ಎನ್ನುವವರು ಅಲ್ಲೂ ಇದ್ದಾರೆ. ನಲವತ್ಮೂರು ಫೈಲು ಬಿಟ್ಟರೆ ಏನೂ ಆಗುವುದಿಲ್ಲ. ಆದರೆ ನಾನು ಕಂಡ ಹಾಗೆ ಇಳಿಸುವವರು ಮೊಟ್ಟಮೊದಲು ಕೈಬಿಡುವುದು ವಾರಕ್ಕೊಮ್ಮೆ ತಿರುಗಿ ನೋಡುವ ಹಂತವನ್ನು. ಏಕೆಂದರೆ ಅದರಲ್ಲಿ ಕೆಲಸ ಮುಂದೆ ಹೋದಂತೆ ಕಾಣುವುದಿಲ್ಲ. ತಿರುಗಿ ಬರುವ ತಂತಿಯನ್ನೇ ಕಿತ್ತ ಹಾಗೆ!

ಹೊಸಬರಿಗೆ ಭಾರ ಇಳಿಸಬೇಕೆಂಬುದಕ್ಕೆ ಮನಶ್ಶಾಸ್ತ್ರದ ಆಧಾರವೂ ಉಂಟು. ಜಾರ್ಜ್ ಮಿಲ್ಲರ್ 1956ರ ಲೇಖನದಲ್ಲಿ, ಮನುಷ್ಯನ ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳುವುದು ಸುಮಾರು ಏಳು ಸಂಗತಿಗಳನ್ನು, ಒಂದೆರಡು ಹೆಚ್ಚು ಕಡಿಮೆ ಎಂದರು. ಆಸ್ಟ್ರೇಲಿಯದ ಜಾನ್ ಸ್ವೆಲ್ಲರ್ 1988ರಲ್ಲಿ, ಕಲಿಯುವವನ ಮನಸ್ಸಿನ ಮೇಲೆ ವಿಧಾನದ ಭಾರವೇ ಹೆಚ್ಚಾದರೆ ಕಲಿಕೆಗೆ ಜಾಗ ಉಳಿಯುವುದಿಲ್ಲ ಎಂದು ವಿವರಿಸಿದರು. ಅದೇ ಬಳಗದವರು 2003ರಲ್ಲಿ ಇದರ ಇನ್ನೊಂದು ಮುಖವನ್ನೂ ತೋರಿಸಿದರು. ಹೊಸಬನಿಗೆ ನೆರವಾಗುವ ಊರುಗೋಲು ನುರಿತವನ ಕಾಲಿಗೆ ತೊಡಕಾಗುತ್ತದೆ. ಆದ್ದರಿಂದ ಸರಳ ಪದ್ಧತಿಗೆ ಒಂದು ಅವಧಿ ಇರಬೇಕು.

ಈಗ ಆ ಹುಡುಗನ ಕಥೆಗೆ ಬರೋಣ. “ಗೋವಾಕ್ಕ ಹೋಗೂದನ್ನ ಒಂದ ತಿಂಗಳ ತಡಿ, ತಮ್ಮಾ” ಎಂದೆ. ಗೋಡೆಯ ಹಾಳೆಯನ್ನು ಹರಿಯಲು ಹೇಳಲಿಲ್ಲ. ಮಡಿಚಿ ಟ್ರಂಕಿನಲ್ಲಿಡಲು ಹೇಳಿದೆ. ನೂರು ಪುಟದ ಒಂದು ವಹಿ ಕೊಟ್ಟೆ. ಮಾಡಬೇಕಾದದ್ದು ಮೂರೇ. ರಾತ್ರಿ ಮಲಗುವ ಮುನ್ನ ನಾಳೆಯ ಎರಡು ಕೆಲಸ ಬರೆಯುವುದು. ಗಣಿತದ್ದೊಂದು, ಇಂಗ್ಲಿಷಿನದೊಂದು, ಅವನಿಗೆ ಕಠಿಣವಾದವು ಅವೆರಡೇ. ಮರುದಿನ ಅವನ್ನು ಮಾಡಿ ಗುರುತು ಹಾಕುವುದು. ರವಿವಾರ ಹದಿನೈದು ನಿಮಿಷ ಕುಳಿತು ವಾರದ ಪುಟ ತಿರುಗಿ ನೋಡಿ, ಉಳಿದದ್ದು ಏಕೆ ಉಳಿಯಿತೆಂದು ಒಂದು ಸಾಲು ಬರೆಯುವುದು. ಬಾಕಿಯನ್ನು ಮುಂದಿನ ವಾರಕ್ಕೆ ಹೊತ್ತುಹಾಕುವಂತಿಲ್ಲ. ಬರೆ, ಮಾಡು, ನೋಡು. ಅಷ್ಟೇ.

ಮೊದಲ ವಾರ ಹನ್ನೆರಡು ಕೆಲಸಗಳಲ್ಲಿ ಅವನು ಮಾಡಿದ್ದು ಆರು. ಸೋಮವಾರ ವಹಿ ಹಿಡಿದುಕೊಂಡು ಬಂದಾಗ ಮುಖ ಬಾಡಿರಬಹುದೆಂದು ಎಣಿಸಿದ್ದೆ. ಅವನ ಮುಖದಲ್ಲಿ ಬೇರೇನೋ ಇತ್ತು.

“ಸರ್, ಉಳದದ್ದು ಎಲ್ಲಾ ಮಂಗಳವಾರ, ಬುಧವಾರ, ಗುರುವಾರದ್ದರಿ. ಆ ಮೂರ ದಿನಾ ರಾತ್ರಿ ಥ್ರೀ ಫೇಜ್ ಇತ್ತರಿ, ನೀರ ಹಾಸಾಕ ಹೋಗಿದ್ದೆ. ಉಳದ ದಿನಾ ಒಂದೂ ಬಿಟ್ಟಿಲ್ರಿ.”

ನಮ್ಮ ಕಡೆ ಪಂಪ್‌ಸೆಟ್ಟಿಗೆ ಬರುವ ಥ್ರೀ ಫೇಜ್ ಕರೆಂಟು ಕೆಲವೇ ತಾಸಿನದು. ಸರದಿ ಬಂದರೆ ರಾತ್ರಿಯೂ ಬರುತ್ತದೆ. ಬಂದಾಗ ಎದ್ದು ಹೋಗಲೇಬೇಕು. ಧಾರವಾಡದಿಂದ ಬಂದ ಆರು ಬಣ್ಣದ ಹಾಳೆಯಲ್ಲಿ ಎಲ್ಲಕ್ಕೂ ಜಾಗವಿತ್ತು, ಕರೆಂಟಿಗೆ ಇರಲಿಲ್ಲ. ಹತ್ತು ದಿನ ಆ ಹಾಳೆಯ ಕೆಳಗೆ ಕುಳಿತು ಹುಡುಗ ಕಲಿತದ್ದು ‘ನಾನು ದಡ್ಡ’ ಎಂಬುದನ್ನು. ಏಳು ದಿನ ಚಿಕ್ಕ ವಹಿ ಹಿಡಿದು ಕಲಿತದ್ದು ‘ರಾತ್ರಿ ನಿದ್ದೆಗೆಟ್ಟ ಮರುದಿನ ನನ್ನಿಂದ ಗಣಿತ ಆಗುವುದಿಲ್ಲ’ ಎಂಬುದನ್ನು. ಮೊದಲನೆಯದಕ್ಕೆ ಔಷಧವಿಲ್ಲ, ಎರಡನೆಯದಕ್ಕೆ ಇದೆ. ಅದನ್ನು ಅವನೇ ಹುಡುಕಿಕೊಂಡ. ಕರೆಂಟಿನ ದಿನಗಳಿಗೆ ಬರವಣಿಗೆ ಬೇಡ, ಬಾಯಿಪಾಠ ಸಾಕು ಎಂದು ಇಂಗ್ಲಿಷ್ ಶಬ್ದಗಳ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ಹೊಲಕ್ಕೆ ಒಯ್ಯತೊಡಗಿದ. ಈ ಬುದ್ಧಿಯನ್ನು ನಾನು ಹೇಳಿಕೊಟ್ಟದ್ದಲ್ಲ. ರವಿವಾರದ ಹದಿನೈದು ನಿಮಿಷ ಹೇಳಿಕೊಟ್ಟದ್ದು.

ಗಣಿತದ ಸಹೋದ್ಯೋಗಿಯ ಆತಂಕಕ್ಕೂ ಉತ್ತರ ಅದೇ ವಹಿಯಲ್ಲಿ ಸಿಕ್ಕಿತು. ಶ್ರಾವಣದ ಹೊತ್ತಿಗೆ ಹುಡುಗ ತಾನೇ ಮೂರನೆಯ ಸಾಲು ಸೇರಿಸಿಕೊಂಡ, ವಿಜ್ಞಾನಕ್ಕೆ. ದೀಪಾವಳಿಯ ನಂತರ ತಪ್ಪುಗಳಿಗೊಂದು ಬೇರೆ ವಹಿ ಮಾಡಿದ. ಆಗ ಟ್ರಂಕಿನ ಹಾಳೆ ಹೊರಗೆ ಬಂತು. ಅದರಲ್ಲಿ ತನಗೆ ಬೇಕಾದ ಎರಡು ಮೂರು ಅಂಶಗಳನ್ನು ಆರಿಸಿಕೊಂಡು ಉಳಿದದ್ದನ್ನು ಬಿಟ್ಟ. ಜನವರಿಯಲ್ಲಿ ಅವನ ವಹಿಯನ್ನು ತಿರುವಿ ನೋಡಿದ ನನ್ನ ಸಹೋದ್ಯೋಗಿ ಏನೂ ಮಾತಾಡದೆ ಹಿಂತಿರುಗಿಸಿದರು. ಮರುದಿನ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ವಹಿ ತರಲು ಹೇಳಿದರು.

ಕಥೆಗೆ ಬಣ್ಣ ಬಳಿಯುವುದಿಲ್ಲ. ಹುಡುಗನಿಗೆ ಪ್ರಥಮ ದರ್ಜೆ ಬರಲಿಲ್ಲ. ಗಣಿತದಲ್ಲಿ ಹೇಗೋ ದಡ ಮುಟ್ಟಿದ. ಮುಂದೆ ಐ.ಟಿ.ಐ. ಸೇರಿ ವಿದ್ಯುತ್ ಕೆಲಸ ಕಲಿತ. ಗೋವಾಕ್ಕೆ ಹೋಗಲಿಲ್ಲ. ಹೋಗಬೇಕೆಂದಿದ್ದರೆ ಈಗ ಕೈಯಲ್ಲಿ ಕಸುಬು ಹಿಡಿದುಕೊಂಡು ಹೋಗಬಲ್ಲ. ನನಗೆ ಅಷ್ಟು ಸಾಕು.

ಆದರೆ ಈ ಮೂರು ಸಾಲಿನ ವಹಿ ಎಲ್ಲರಿಗೂ ಮದ್ದು ಎಂದು ಯಾರೂ ತಿಳಿಯಬಾರದು. ಅದೇ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ತಾಯಿ ಕೂಲಿಗೆ ಹೋಗುತ್ತಿದ್ದುದರಿಂದ ಅಡಿಗೆ, ನೀರು, ಇಬ್ಬರು ತಮ್ಮಂದಿರ ಶಾಲೆ ಎಲ್ಲವೂ ಅವಳ ಮೇಲೆ. ನಿನ್ನ ದಿನ ಹೇಗೆ ನಡೆಯುತ್ತದಮ್ಮಾ ಎಂದು ಕೇಳಿದರೆ ಒಂದೇ ಉಸಿರಿನಲ್ಲಿ ಹನ್ನೊಂದು ಕೆಲಸ ಹೇಳಿದಳು, ಯಾವುದರ ಹಿಂದೆ ಯಾವುದು ಎಂಬುದರ ಸಮೇತ. ಒಲೆಯ ಮೇಲೆ ಅನ್ನಕ್ಕೆ ಇಟ್ಟು ಅದು ಕುದಿಯುವಷ್ಟರಲ್ಲಿ ಸಮಾಜ ವಿಜ್ಞಾನದ ಒಂದು ಪುಟ ಮುಗಿಸುವವಳಿಗೆ ‘ಎರಡೇ ಕೆಲಸ ಬರೆ’ ಎನ್ನುವುದು ನುರಿತವನ ಕೈಗೆ ಊರುಗೋಲು ಕೊಟ್ಟಂತೆ. ಅವಳಿಗೆ ಬೇಕಾದದ್ದು ದೊಡ್ಡ ಹಾಳೆ. ಪೂರ್ತಿ ಪದ್ಧತಿಯನ್ನು ಕೊಟ್ಟೆವು, ಸಲೀಸಾಗಿ ನಿಭಾಯಿಸಿದಳು. ಯಾರು ಹೊಸಬರು ಎಂಬುದನ್ನು ವಯಸ್ಸು ನೋಡಿ, ಅಂಕ ನೋಡಿ ಹೇಳಲಾಗದು, ಕೇಳಿಯೇ ತಿಳಿಯಬೇಕು.

ಸರಳ ಮಾಡಬಾರದ ಸಂಗತಿಗಳೂ ಕೆಲವಿವೆ. ಪ್ರಯೋಗಶಾಲೆಯಲ್ಲಿ ಸಲ್ಫ್ಯೂರಿಕ್ ಆಮ್ಲವನ್ನು ತೆಳುಗೊಳಿಸುವಾಗ ನೀರಿಗೆ ಆಮ್ಲವನ್ನು ನಿಧಾನವಾಗಿ ಸುರಿಯಬೇಕು, ಆಮ್ಲಕ್ಕೆ ನೀರನ್ನು ಸುರಿಯಬಾರದು. ಸುರಿದರೆ ಶಾಖಕ್ಕೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಹೊಸಬನೆಂದು ಈ ನಿಯಮದಲ್ಲಿ ರಿಯಾಯಿತಿ ಇಲ್ಲ. ಓದಿನ ಪದ್ಧತಿಯಲ್ಲೂ ನಿದ್ದೆ ಅಂಥದೊಂದು, ರವಿವಾರದ ತಿರುಗುನೋಟ ಅಂಥದೊಂದು. ಉಳಿದವನ್ನು ಇಳಿಸಬಹುದು.

ನಮ್ಮ ಸಿರಸಂಗಿಗೆ ವಿದ್ಯೆಯ ನಂಟು ಹಳೆಯದು. ಇಲ್ಲಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟು ಹೋದರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಇರುವುದು ಅವರದೇ ಹೆಸರು. ಬಡ ಮಕ್ಕಳ ದಾರಿಯ ದೊಡ್ಡ ಕಲ್ಲನ್ನು ಅಂಥ ಹಿರಿಯರು ಸರಿಸಿಕೊಟ್ಟಿದ್ದಾರೆ. ಉಳಿದಿರುವ ಸಣ್ಣ ಕಲ್ಲುಗಳನ್ನು ಸರಿಸುವುದು ನಮ್ಮ ಪಾಲಿನ ಕೆಲಸ. ಮನೆಯ ಗೋಡೆಯ ಮೇಲಿನ ಹಾಳೆ ಅಂಥದೊಂದು ಕಲ್ಲಾಗಬಾರದು.

ಪಾಲಕರಲ್ಲಿ ನನ್ನದೊಂದು ಬಿನ್ನಹ. ಪಕ್ಕದ ಮನೆಯ ಜಾಣ ಹುಡುಗನ ವೇಳಾಪತ್ರಿಕೆಯನ್ನು ನಕಲು ಮಾಡಿ ನಿಮ್ಮ ಮಗುವಿನ ಗೋಡೆಗೆ ಅಂಟಿಸಬೇಡಿ. ಮೊದಲು ಮಗುವಿನ ದಿನ ಹೇಗೆ ಸಾಗುತ್ತದೆಂದು ಕೇಳಿ. ಎರಡು ಕೆಲಸದಿಂದ ಆರಂಭಿಸಿದರೆ ನಾಚಿಕೆಪಡಬೇಡಿ. ರವಿವಾರ ಹದಿನೈದು ನಿಮಿಷ ಪಕ್ಕದಲ್ಲಿ ಕುಳಿತುಕೊಳ್ಳಿ. ವಹಿಯಲ್ಲಿ ಗುರುತಿಲ್ಲದ ಸಾಲು ಕಂಡರೆ ‘ಯಾಕ ಮಾಡ್ಲಿಲ್ಲ?’ ಎಂದು ಗದರದೆ ‘ಅವತ್ತ ಏನಾಗಿತ್ತು?’ ಎಂದು ಕೇಳಿ. ಮೊದಲನೆಯ ಪ್ರಶ್ನೆಗೆ ಮಗು ನೆಪ ಹೇಳುತ್ತದೆ, ಎರಡನೆಯದಕ್ಕೆ ಸಂಗತಿ ಹೇಳುತ್ತದೆ.

ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಮಾತು. ದೊಡ್ಡ ಪದ್ಧತಿ ಹಿಡಿದು ಸೋತಿದ್ದರೆ ನಿಮ್ಮ ತಲೆಯ ಮೇಲೆ ತೀರ್ಪು ಬರೆಯಲು ಅವಸರ ಮಾಡಬೇಡಿ. ಪದ್ಧತಿಯನ್ನು ಚಿಕ್ಕದು ಮಾಡಿಕೊಳ್ಳಿ, ಎಷ್ಟು ಚಿಕ್ಕದೆಂದರೆ ಕರೆಂಟು ಬಂದ ರಾತ್ರಿಯ ಮರುದಿನವೂ ಮಾಡಬಹುದಾದಷ್ಟು. ಆದರೆ ಬರೆಯುವುದು, ಮಾಡುವುದು, ತಿರುಗಿ ನೋಡುವುದು, ಈ ಮೂರರಲ್ಲಿ ಒಂದನ್ನೂ ಬಿಡಬೇಡಿ. ಒಂದು ಸೆಲ್, ಒಂದು ಬಲ್ಬು, ಎರಡು ತಂತಿ ಇದ್ದರೆ ಬೆಳಕಿಗೆ ಸಾಕು. ಎರಡನೆಯ ಸೆಲ್ ಯಾವಾಗ ಸೇರಿಸಬೇಕೆಂಬುದು ಆ ಬೆಳಕಿನಲ್ಲಿ ನಿಮಗೇ ಕಾಣುತ್ತದೆ.